ಎಲೆಯ ಮೇಲಿನ ಕೈ

ಹೊಳೆಯ ದಂಡೆಯಲ್ಲೊಂದು ಆಶ್ರಮ. ಅಲ್ಲಿದ್ದ ಗುರುವನ್ನು ಜನ ಹೊಳೆಯಜ್ಜ ಎಂದು ಕರೆಯುತ್ತಿದ್ದರು.

ಆಶ್ರಮದಲ್ಲಿ ಮಧ್ಯಾಹ್ನದ ಊಟ ಮೌನದಲ್ಲಿ ನಡೆಯಬೇಕು. ಬಡಿಸುವವನು ಎಲೆ ನೋಡಬೇಕು, ಮುಖ ನೋಡಬಾರದು. ಸಾಹುಕಾರನಿಗೆ ತುಪ್ಪ ಹೆಚ್ಚು, ಭಿಕ್ಷುಕನಿಗೆ ಕಡಿಮೆ ಆಗಬಾರದಲ್ಲ, ಅದಕ್ಕೆ. ಸಾಕು ಎನ್ನುವವರು ಎಲೆಯ ಮೇಲೆ ಕೈ ಅಡ್ಡ ಹಿಡಿಯುತ್ತಿದ್ದರು.

ಎಂಟು ವರ್ಷದಿಂದ ಬಡಿಸುತ್ತಿದ್ದವನು ಅಡಿವೆಪ್ಪ ಎಂಬ ಶಿಷ್ಯ. ನೂರು ಎಲೆಗೆ ಸಾರು ಬಡಿಸಿದರೂ ಒಂದು ಹನಿ ನೆಲಕ್ಕೆ ಬೀಳುತ್ತಿರಲಿಲ್ಲ. ಕೆಲಸ ಅಷ್ಟು ಪಳಗಿತ್ತು. ಮನುಷ್ಯನಿಗೆ ಮಾತ್ರ ನಿಂತಲ್ಲಿ ನೆಲೆಯಿಲ್ಲ, ಕೂತಲ್ಲಿ ಸಮಾಧಾನವಿಲ್ಲ.

ಒಂದು ದಿನ ಎರಡನೇ ಪಂಕ್ತಿಯ ಊಟವೂ ಮುಗಿದದ್ದೇ, ಸಾರಿನ ಬಕೆಟ್ಟನ್ನೂ ಕೆಳಗಿಡದೆ ಬಂದು ಅಜ್ಜನ ಮುಂದೆ ನಿಂತ.

“ಅಜ್ಜಾರ, ಅಪ್ಪಣೆ ಕೊಡ್ರಿ. ಕಾಶಿಗೆ ಹೋಗ್ತೀನಿ.”

“ಯಾಕ?”

“ಇಲ್ಲಿ ಮನಸ್ಸು ನಿಲ್ಲವಲ್ದು. ಎಂಟು ವರ್ಷ ಅದ ಎಲಿ, ಅದ ಸಾರು. ಈಗೀಗ ಕೈ ತಮ್ಮ ಪಾಡಿಗೆ ತಾವು ಬಡಸ್ತಾವ. ನಾ ಅಲ್ಲಿ ಇರೂದ ಇಲ್ಲ.”

“ಮತ್ತೆಲ್ಲಿ ಇರ್ತಿ?”

“ಇವತ್ತಂತೂ ಪಂಕ್ತಿ ಮುಗಿಯೂದ್ರಾಗ ಕಾಶಿ ತನಕ ಹೋಗಿ ಬಂದೆ.”

ಇದನ್ನು ಅವನು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದ.

“ಹಂಗಾರ ಮೊದಲನೇ ಪಂಕ್ತಿ ಕಡೀ ಎಲಿ ಯಾರದಿತ್ತು?”

“ಮಾರಿ ನೋಡಬಾರದು ಅಂತ ನೀವ ಹೇಳೀರಿ.”

“ಹೇಳೀನಿ. ಎಲಿ ನೋಡಿದ್ಯೇನು?”

ಅಡಿವೆಪ್ಪ ನೆನಪು ಮಾಡಿಕೊಳ್ಳಲು ಹೋದ. ಎಲೆಯೂ ನೆನಪಾಗಲಿಲ್ಲ, ಪಂಕ್ತಿಯೂ ನೆನಪಾಗಲಿಲ್ಲ. ಸೌಟು ಹಿಡಿದದ್ದೇ ನೆನಪಿರಲಿಲ್ಲ.

“ಎಲಿ ಮ್ಯಾಲೆ ಒಂದು ಕೈ ಇತ್ತು,” ಎಂದ ಅಜ್ಜ. “ಕಿರುಬೆರಳು ಡೊಂಕು. ನೀ ಸಾರು ತಂದಾಗ ಆ ಕೈ ಅಡ್ಡ ಬಂತು. ನೀ ಅದರ ಮ್ಯಾಲೇ ಸುರುವಿದಿ.”

ಆ ಬೆರಳು ಅಡಿವೆಪ್ಪನಿಗೆ ಗೊತ್ತು. ಚಿಕ್ಕವನಿದ್ದಾಗ ಒಳಕಲ್ಲಿನ ಗುಂಡು ಬೀಳಿಸಿ ಅದನ್ನು ಡೊಂಕು ಮಾಡಿದವನೇ ಅವನು.

“ನಮ್ಮವ್ವ ಬಂದಿದ್ಲೇನ್ರಿ?”

“ಹೆಸರು ಬಾಳವ್ವ ಅಂದ್ಲು. ಮೂರು ದಿನ ನಡದು ಬಂದಾಳ.”

“ನನ್ನ ಯಾಕ ಕರೀಲಿಲ್ಲ?”

“ಊಟಕ್ಕ ಕುಂತಾಗ ಮಾತಾಡಬಾರದು ಅಂತ ಬಾಗಲದಾಗ ಹೇಳಿದ್ರಂತ. ಅದಕ್ಕ ಕೈ ಅಡ್ಡ ಹಿಡದ್ಲು. ನೀ ನಿಂತು ನೋಡ್ತಿ ಅಂತ.”

“ಏನಂದ್ಲು?”

“ಕಣ್ಣೀರು ಹಾಕಿದ್ಲು. ಖುಷಿಗೋ, ಸಂಕಟಕ್ಕೋ, ಆಕಿಗೂ ತಿಳೀಲಿಲ್ಲ. ‘ನನ್ನ ಮಗ ದೊಡ್ಡ ವಿರಾಗಿ ಆಗ್ಯಾನ್ರಿ. ಹಡದಾಕಿ ಕೈ ಸುಟ್ಟರೂ ಮಾರಿ ಎತ್ತಲಿಲ್ಲ. ಇನ್ನ ನಾ ಈ ಕಡೆ ಬರೂದಿಲ್ಲ, ಅವನ ದಾರಿಗೆ ಅಡ್ಡ ಆಗೂದಿಲ್ಲ’ ಅಂದ್ಲು. ತಡಿ ಅಂದ್ರೂ ನಿಲ್ಲಲಿಲ್ಲ.”

“ನೀವು ಖರೆ ಹೇಳಲಿಲ್ಲೇನ್ರಿ, ಅಜ್ಜಾರ?”

“ಸುಟ್ಟಾಂವ ನೀನು, ನೀ ಹೇಳು. ಹರಗೋಲು ಇನ್ನೂ ಬಿಟ್ಟಿರಲಿಕ್ಕಿಲ್ಲ.”

ಅಡಿವೆಪ್ಪ ಓಡಿದ. ಎದ್ದೆನೋ ಬಿದ್ದೆನೋ ಎಂದು ಓಡಿ ನೇರ ಬಾವಿಯ ಹತ್ತಿರ ಹೋಗಿ ನಿಂತ. ದಿನಾ ಊಟವಾದ ಮೇಲೆ ಬಕೆಟ್ ತೊಳೆಯಲು ಹೋಗುವ ಜಾಗ ಅದು.

“ಹೊಳಿ ಈ ಕಡೆ ಐತಿ,” ಎಂದ ಅಜ್ಜ ಹಿಂದಿನಿಂದ.

ಅವನು ಕೈಯಲ್ಲಿದ್ದ ಬಕೆಟ್ಟನ್ನು ನೋಡಿದ. ನಾಚಿಕೆಯಿಂದ ಸತ್ತೇಹೋಗಬೇಕು ಅನ್ನಿಸಿತು. ಅದನ್ನು ಅಲ್ಲೇ ಬಿಸಾಕಿ ಹೊಳೆಯ ಕಡೆ ಓಡಿದ.

ಅಂಬಿಗ ಆಗಲೇ ಹುಟ್ಟು ಹಾಕಿದ್ದ. ಹರಗೋಲು ದಂಡೆ ಬಿಟ್ಟು ನಾಲ್ಕು ಮಾರು ದೂರ ಹೋಗಿತ್ತು. ಅದರಲ್ಲಿ ಗಂಟನ್ನು ಮಡಿಲಲ್ಲಿಟ್ಟುಕೊಂಡು, ಈ ಕಡೆ ಬೆನ್ನು ಮಾಡಿ ಬಾಳವ್ವ ಕೂತಿದ್ದಳು.

“ಅವ್ವಾ!”

ಅವಳು ತಿರುಗಿದಳು. ಅಂಬಿಗ ಬೇಡ ಬೇಡ ಎನ್ನುತ್ತಿದ್ದಂತೆಯೇ ಗಂಟು ಸಮೇತ ಮೊಣಕಾಲುದ್ದ ನೀರಿಗೆ ಇಳಿದೇಬಿಟ್ಟಳು. ಅಡಿವೆಪ್ಪನೂ ನೀರಿಗೆ ನುಗ್ಗಿ ಅವಳೆದುರು ನಿಂತ. ಅವಳ ಬಲಗೈ ಕೆಂಪಗೆ ಬಾತುಕೊಂಡಿತ್ತು.

“ಅವ್ವಾ, ನಾ ವಿರಾಗಿ ಅಲ್ಲ. ನಾ ನಿನ್ನ ನೋಡಲೇ ಇಲ್ಲ. ಯಾರನ್ನೂ ನೋಡಲಿಲ್ಲ. ಮನಸ್ಸು ಎಲ್ಲೋ ಇತ್ತು, ಕೈ ಸುರೀತು.”

ಬಾಳವ್ವ ಅವನ ಮುಖವನ್ನೇ ನೋಡಿದಳು.

“ಅಂದ್ರ ನೀ ನನ್ನ ಬಿಟ್ಟಿಲ್ಲೇನು, ಯಪ್ಪಾ?”

“ಇಲ್ಲವ್ವಾ.”

ಅವಳು ಬಿಕ್ಕಿ ಬಿಕ್ಕಿ ಅತ್ತಳು. ಮಧ್ಯೆ ನಕ್ಕಳು ಕೂಡ. ಮಗ ಮಹಾತ್ಮನಲ್ಲ ಎಂದು ಗೊತ್ತಾಗಿ ಇಷ್ಟು ಸಂತೋಷಪಟ್ಟ ತಾಯಿಯನ್ನು ಆ ಅಂಬಿಗ ಅದುವರೆಗೆ ಕಂಡಿರಲಿಲ್ಲ.

ಅಷ್ಟರಲ್ಲಿ ಅಜ್ಜ ಕೋಲೂರಿಕೊಂಡು ದಂಡೆಗೆ ಬಂದ. ಅವನನ್ನು ಕಂಡದ್ದೇ ಅಡಿವೆಪ್ಪ ದಡದಡನೆ ದಂಡೆ ಹತ್ತಿ ಹೋಗಿ ಕಾಲಿಗೆ ಬಿದ್ದ.

“ಅಜ್ಜಾರ, ಇವತ್ತು ಕಣ್ಣು ತೆರೀತ್ರಿ! ಎಂಟು ವರ್ಷ ಹೆಣದಂಗ ಬಾಳಿದೆ. ಇನ್ನ ಒಂದು ಗಳಿಗೀನೂ ಮೈಮರೆಯೂದಿಲ್ಲ. ಒಂದೊಂದು ತುತ್ತೂ ನೋಡಿ ಉಣ್ತೀನಿ, ಒಂದೊಂದು ಹೆಜ್ಜೀನೂ ನೋಡಿ ಇಡ್ತೀನಿ. ಏನು ಸಾಧನೆ ಮಾಡ್ಲಿ, ಹೇಳ್ರಿ. ಎಷ್ಟು ದಿನ ಬೇಕು? ಉಪವಾಸ ಮಾಡ್ಲೇನು? ಮೌನ ಹಿಡೀಲೇನು? ನೀವು ಹೇಳಿದ್ದನ್ನ ಇವತ್ತಿಂದಲೇ, ಈಗಿಂದಲೇ ಶುರು ಮಾಡ್ತೀನಿ!”

ಅಂಬಿಗ ಒಮ್ಮೆ ಕೆಮ್ಮಿದ. ಅಡಿವೆಪ್ಪನಿಗೆ ಕೇಳಿಸಲಿಲ್ಲ. ಅವನ ಮಾತು ಹರಿಯುತ್ತಲೇ ಇತ್ತು.

ಅಜ್ಜ ಎಲ್ಲವನ್ನೂ ಕೊನೆತನಕ ಕೇಳಿಸಿಕೊಂಡ. ಆಮೇಲೆ ಮೆಲ್ಲಗೆ ಹೇಳಿದ:

“ಅಡಿವೆಪ್ಪ, ನಿಮ್ಮವ್ವ ಇನ್ನೂ ನೀರಾಗ ನಿಂತಾಳ.”