ಎಲ್ಲವನ್ನೂ ಬೆರೆಸಿದ ಸೋಪು

"ಗುರುಗಳೇ, ಒಂಬತ್ತು ವರ್ಷವಾಯಿತು. ಜಪ ಹಿಡಿದೆ. ಸಾಲದೆಂದು ಉಪವಾಸ ಸೇರಿಸಿದೆ. ಅದೂ ಸಾಲದೆಂದು ವಾರಕ್ಕೊಂದು ದಿನ ಮೌನ ಸೇರಿಸಿದೆ. ಆದರೂ ನಾನು ಬಾಯಿ ತೆರೆದರೆ ಎದುರಿಗಿದ್ದವರು ನೊಂದು ಹೋಗುತ್ತಾರೆ. ಇವತ್ತು ಅಡುಗೆಯ ಮುದುಕ ಮಠವನ್ನೇ ಬಿಟ್ಟು ಹೊರಟುಹೋದ. ನನಗೂ ಸಾಕಾಗಿದೆ. ಇನ್ನೇನು ಸೇರಿಸಲಿ?" ಎಂದು ಶಿಷ್ಯ ಕೇಳಿದ.

ಇಂಥ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ಗುರುವಿಗೂ ದಣಿವಾಗಿತ್ತು. ಗೋಡೆಗೆ ಒರಗಿ ಕೂತು ಹೇಳಿದರು.

ಒಬ್ಬ ಹೆಂಗಸು ಮನೆಯಲ್ಲೇ ಸೋಪು ಮಾಡಿ ಮಾರುತ್ತಿದ್ದಳು. ಕೊಬ್ಬರಿ ಎಣ್ಣೆಗೆ ಕಾಸ್ಟಿಕ್ ಸೋಡಾದ ನೀರು ಬೆರೆಸಿ, ತಿರುವಿ, ಅಚ್ಚಿಗೆ ಹೊಯ್ಯುತ್ತಿದ್ದಳು. ನಾಲ್ಕನೆಯ ದಿನಕ್ಕೇ ಕತ್ತರಿಸಿ ಕೊಡುತ್ತಿದ್ದಳು.

ಕೊಂಡವರು ಮೈ ಉರಿಯುತ್ತದೆ ಎಂದರು. ಬೇವಿನ ಸೊಪ್ಪು ಅರೆದು ಹಾಕಿದಳು. ಉರಿ ಹೋಗಲಿಲ್ಲ. ಲೋಳೆಸರ ಹಾಕಿದಳು, ಲಾವಂಚ ಹಾಕಿದಳು, ಗುಲಾಬಿ ಎಸಳು ಉದುರಿಸಿದಳು. ಎಸಳು ಎರಡೇ ದಿನದಲ್ಲಿ ಕಪ್ಪಿಟ್ಟವು. ಹಳೆಯ ಹೂವಿರಬೇಕು ಎಂದುಕೊಂಡು ಇನ್ನೊಂದು ಹಿಡಿ ಹೆಚ್ಚು ಹಾಕಿದಳು. ಅರೆದು ಅರೆದು ಅವಳ ರಟ್ಟೆ ಬಿದ್ದುಹೋಯಿತು. ತಾನು ಮಾತ್ರ ಮೊದಲಿನಂತೆ ಕಡಲೆಹಿಟ್ಟು ಹಚ್ಚಿಕೊಂಡೇ ಸ್ನಾನ ಮಾಡುತ್ತಿದ್ದಳು.

ಅಷ್ಟರಲ್ಲಿ ಮಗಳು ಬಾಣಂತನಕ್ಕೆ ಬಂದಳು. ಮೊಮ್ಮಗುವಿಗೆ ಅದೇ ಸೋಪು ಹಚ್ಚಿದರು. ಎಳೆಯ ಬೆನ್ನು ಕೆಂಪಾಗಿ ಗುಳ್ಳೆ ಎದ್ದವು. ಮಗಳು ಕೂಸನ್ನು ತಾಯಿಯ ಕೈಗೆ ಕೊಡುವುದನ್ನೇ ಬಿಟ್ಟಳು. ಹೆಂಗಸಿಗೆ ಅನ್ನ ಸೇರಲಿಲ್ಲ.

ಕೂಸಿಗೆ ನೀರೆರೆಯಲು ಬರುತ್ತಿದ್ದ ಮುದುಕಿ ಆ ಸೋಪಿನ ತುಂಡೊಂದನ್ನು ಅವಳ ಮುಂದೆ ಹಿಡಿದಳು.

"ನಾಲಿಗೆ ತುದಿ ತಾಗಿಸಿ ನೋಡವ್ವ."

ತಾಗಿಸಿದಳು. ಚುರ್ ಎಂದಿತು. ಕಣ್ಣಲ್ಲಿ ನೀರು ಬಂತು. ಇಷ್ಟು ದಿನ ಅವಳು ಅದನ್ನು ಮೂಸಿ ನೋಡಿದ್ದಳು, ಅಷ್ಟೆ.

"ಸೊಪ್ಪು, ಹೂವು ಯಾವುದೂ ಕಮ್ಮಿ ಆಗಿಲ್ಲ ಕಣವ್ವ. ಸೋಡಾದ ಉರಿ ಒಳಗೇ ಐತೆ, ಇನ್ನೂ ಆರಿಲ್ಲ. ಬೇಯೋಗಂಟ ಕಾದೋಳು ಆರೋಗಂಟ ಕಾಯಬಾರದಾ?" ಎಂದಳು ಮುದುಕಿ.

ಗುರು ಅಲ್ಲಿಗೆ ನಿಲ್ಲಿಸಿ ಕಣ್ಣು ಮುಚ್ಚಿದರು. ಶಿಷ್ಯ ಕೇಳಿದ: "ಆಮೇಲೆ ಅವಳು ಏನು ಬೆರೆಸಿದಳು?"

"ಏನೂ ಬೆರೆಸಲಿಲ್ಲಪ್ಪಾ, ನಲವತ್ತು ದಿನ ಅದನ್ನು ಯಾರ ಮೈಗೂ ತಾಗದಂತೆ ಎತ್ತಿಟ್ಟಳು."