ನಾಮದ ಕೋಳಿಯ ಹಣೆಯ ಸುಣ್ಣ

ಲೋಕ ಆಗಿನ್ನೂ ಹೊಸತು, ಮಣ್ಣಿನ ಹಸಿ ಕೂಡ ಆರಿರಲಿಲ್ಲ. ಕೆರೆ, ಗಾಳಿ, ಕೋಳಿ, ಮನುಷ್ಯ ಎಲ್ಲರದೂ ಒಂದೇ ಮಾತು. ಆಗ ಒಂದು ಸಿಹಿನೀರಿನ ಕೆರೆಯಿತ್ತು, ಅದರ ಸುತ್ತ ಮೂರು ಕೇರಿಗಳಿದ್ದವು. ದಡದ ಜೊಂಡಿನೊಳಗೆ ಒಂದು ನೀರುಕೋಳಿ ವರ್ಷವರ್ಷವೂ ಗೂಡು ಕಟ್ಟಿ ನಾಲ್ಕು ಮೊಟ್ಟೆ ಇಡುತ್ತಿತ್ತು. ಕೊಕ್ಕಿನಿಂದ ಬಾಲದವರೆಗೆ ಅದು ಕರಿ, ಬರೀ ಕರಿ.

ಆ ಕೆರೆಯ ತೂಬು ತೆಗೆದು ನೀರು ಹಂಚುತ್ತಿದ್ದವನು ನೀರಗಂಟಿ ಮುನಿಮಾರಪ್ಪ. ಕೆರೆ ತುಂಬಿ ಕೋಡಿ ಹರಿದ ದಿನ ಅವನು ಸುಣ್ಣದ ಮಡಕೆ ಹಿಡಿದು ದಡ ಸುತ್ತುತ್ತಿದ್ದ. ನೀರು ಮುಟ್ಟಿದ ಕಲ್ಲಿಗೆಲ್ಲ ಸುಣ್ಣ ಬಳಿದು, "ನೀರು ಇಲ್ಲೀಗಂಟ, ಮನೆ ಅಲ್ಲಿಂದಾಚೆ" ಎನ್ನುತ್ತಿದ್ದ. ಕೇರಿಯವರು ಹೂಂಗುಟ್ಟುತ್ತಿದ್ದರು.

ಆಮೇಲೆ ಮೂರು ವರ್ಷ ಮಳೆ ಕೈಕೊಟ್ಟಿತು. ಕೆರೆ ನಡುವಿಗೆ ಸರಿಯಿತು. ಕೇರಿಯ ಯಜಮಾನ ಬೈಲಪ್ಪ ಬಂದು, ಹಸು ಕಟ್ಟಲು ಒಂದು ಗೂಟದಷ್ಟು ಜಾಗ ಕೇಳಿದ. ಪಾಪ, ಕೆರೆ ಕೊಟ್ಟಿತು. ಬೆರಳು ತೋರಿಸಿದರೆ ಹಸ್ತ ನುಂಗುವವನು ಅವನು! ಗೂಟದ ಪಕ್ಕ ಕೊಟ್ಟಿಗೆ ಎದ್ದಿತು, ಕೊಟ್ಟಿಗೆಯ ಪಕ್ಕ ಮನೆಯ ಪಾಯ ಬಿತ್ತು. ಅವನನ್ನು ನೋಡಿ ಮೂರು ಕೇರಿಯವರೂ ಮಣ್ಣಿನ ಬುಟ್ಟಿ ಹೊತ್ತು ಬಂದರು. ಕಲ್ಲಿನ ಸುಣ್ಣ ಕಣ್ಣು ಚುಚ್ಚುತ್ತದಲ್ಲ, ಅದನ್ನೂ ತೆಂಗಿನ ನಾರಿನಿಂದ ತಿಕ್ಕಿ ತೊಳೆದರು.

ಕೋಳಿ ಗೂಡು ಬಿಟ್ಟು ಏಳಲಿಲ್ಲ. ಇದು ಕೆರೆಯ ಜಾಗ, ಇಲ್ಲಿ ಮೊಟ್ಟೆಗಳಿವೆ ಎಂದು ಕೂಗಿಕೊಂಡಿತು. ಹಾಗಾದರೆ ಸುಣ್ಣದ ಗುರುತು ತೋರಿಸು ಎಂದ ಬೈಲಪ್ಪ. ತಾನೇ ತೊಳೆದವನು ತಾನೇ ಗುರುತು ಕೇಳುತ್ತಾನೆ! ಮೂರೂ ಬಿಟ್ಟವರು ಊರಿಗೆ ದೊಡ್ಡವರು ಅನ್ನುವುದು ಸುಮ್ಮನೆ ಅಲ್ಲ. ಬುಟ್ಟಿಯ ಮಣ್ಣು ಗೂಡಿನ ಮೇಲೆ ಬಿತ್ತು. ಕೋಳಿ ಹೇಗೋ ಹೊರಗೆ ಬಂತು, ಮೊಟ್ಟೆಗಳು ಬರಲಿಲ್ಲ.

ಮುನಿಮಾರಪ್ಪ ತೂಬಿನ ಬಳಿ ಕುಳಿತಿದ್ದ. ಮಡಕೆಯ ತಳದಲ್ಲಿ ಒಂದು ಹಿಡಿ ಸುಣ್ಣ ಉಳಿದಿತ್ತು. ಯಾವ ಕಲ್ಲಿಗೆ ಬಳಿದರೂ ತೊಳೆದುಬಿಡುತ್ತಾರೆ ಎಂದು ಅತ್ತ.

"ನನ್ನ ಹಣೆಗೆ ಬಳಿ ತಾತ," ಎಂದಿತು ಕೋಳಿ.

"ಸುಡ್ತದೆ ಕಣವ್ವ."

"ಸುಡ್ಲಿ ಬಿಡು. ಕಲ್ಲು ಸುಮ್ನಿತ್ತು. ನಾನು ಸುಮ್ನಿರಲ್ಲ."

ಮುದುಕ ಬಳಿದ. ಸುಣ್ಣ ಹಣೆಯಿಂದ ಕೊಕ್ಕಿಗೂ ಇಳಿಯಿತು. ಹಣೆಯ ಗರಿ ಸುಟ್ಟು ಉದುರಿತು, ಮತ್ತೆ ಹುಟ್ಟಲಿಲ್ಲ.

ನಾಲ್ಕನೇ ವರ್ಷ ಮಳೆ ಹುಯ್ಯಿತು. ಕೆರೆ ಎದ್ದು ಬಂದು ದಾರಿಯಲ್ಲೇ ನಿಂತಿತು. ಕಲ್ಲುಗಳೆಲ್ಲ ಬೋಳು, ಎಲ್ಲಿಯವರೆಗೆ ಬರಲಿ ಎಂದು ಕೇಳಿತು. ಕೋಳಿ ಮುಂದೆ ಈಜಿತು. ಒಂದೊಂದು ಹೆಜ್ಜೆಗೂ ಬಿಳಿ ಹಣೆ ಆಡಿಸಿ, ಇಲ್ಲಿಗೆ ಬಾ, ಇಲ್ಲಿಗೂ ಬಾ ಎಂದಿತು. ಬೈಲಪ್ಪನ ಅಂಗಳ ದಾಟಿ, ನಡುಮನೆ ದಾಟಿ, ಅಡುಗೆಮನೆಯಲ್ಲಿ ನಿಂತಿತು. ಹಿಂದೆಯೇ ಬಂದ ಕೆರೆ ಒಲೆ ಆರಿಸಿತು.

ಅಟ್ಟ ಹತ್ತಿದ್ದ ಬೈಲಪ್ಪ, ನನ್ನ ಮನೆಯೊಳಗೆ ನೀರು ಬಿಟ್ಟವರು ಯಾರು ಎಂದು ಕೂಗಾಡಿದ.

"ಈ ಒಲೆ ಇರೋ ಜಾಗದಲ್ಲಿ ನನ್ನ ನಾಲ್ಕು ಮೊಟ್ಟೆ ಇದ್ವು," ಎಂದಿತು ಕೋಳಿ.



ಅಂದಿನಿಂದ ಅದು ನಾಮದ ಕೋಳಿಯಾಯಿತು. ಈಗಲೂ ನಮ್ಮ ಬಡಾವಣೆಗಳ ನಡುವಿನ ಕೆರೆಯಲ್ಲಿ ಅದು ಬಿಳಿ ಹಣೆ ಆಡಿಸುತ್ತ ಈಜುವುದನ್ನು ನೀನು ನೋಡುತ್ತೀಯಲ್ಲ ಮಗೂ, ನಮಸ್ಕಾರ ಮಾಡುತ್ತಿದೆ ಅಂದುಕೊಳ್ಳಬೇಡ: ಮುಂದಿನ ಮಳೆಗೆ ಯಾರ ಬಾಗಿಲವರೆಗೆ ಬರಬೇಕೆಂದು ಅದು ಕೆರೆಗೆ ತೋರಿಸುತ್ತಿದೆ.