ಹಳ್ಳದ ಅಡಿಗಲ್ಲುಗಳು

ಗೆದ್ದ ಹೊಸ ಶಾಸಕರು ಹಳ್ಳದ ದಡದಲ್ಲಿ ಸೇತುವೆಗೆ ಅಡಿಗಲ್ಲು ನೆಟ್ಟು ಹೋದರು. ಮೈಮೇಲಿನ ಹಾರ ಬಾಡುವ ಮೊದಲೇ ಕಲ್ಲು ಚಡಪಡಿಸತೊಡಗಿತು: "ಕೆಲಸದವರು ಇನ್ನೂ ಯಾಕೆ ಬರಲಿಲ್ಲ?"

ನೀರಿನಲ್ಲಿ ಮಲಗಿದ್ದ ಕಲ್ಲೊಂದು ಹೇಳಿತು: "ನಾನೂ ಇದೇ ಸೇತುವೆಯ ಅಡಿಗಲ್ಲು. ನನ್ನನ್ನು ನೆಟ್ಟವರು ಮುಂದಿನ ಚುನಾವಣೆಯಲ್ಲಿ ಸೋತರು. ಊರವರು ನನ್ನನ್ನು ಕಿತ್ತು, ಕಾಲಿಟ್ಟು ದಾಟಲು ಇಲ್ಲಿ ಹಾಕಿಕೊಂಡರು. ನನ್ನ ಹಿಂದಿನ ಕಲ್ಲುಗಳದೂ ಇದೇ ಕಥೆ."

"ನಮ್ಮ ಸಾಹೇಬರು ಸೋಲುವವರಲ್ಲ."

"ನಾನೂ ಹಾಗೇ ಅಂದಿದ್ದೆ."

ಅಷ್ಟರಲ್ಲಿ ಬಟ್ಟೆಗಂಟು ಹೊತ್ತ ಸಣ್ಣೀರಮ್ಮ ನೀರಿನ ಕೊನೆಯ ಕಲ್ಲಿನವರೆಗೂ ನಡೆದು ಬಂದು, ಆಚೆ ದಡವನ್ನು ಕಣ್ಣಲ್ಲೇ ಅಳೆದಳು. ಹಿಂದೆ ನಿಂತ ಓರಗಿತ್ತಿಗೆ ಹೇಳಿದಳು: "ಇನ್ನೆರಡು ಎಲೆಕ್ಷನ್ ಆಗ್ಲಿ ಕಣೆ, ಸೀರೆ ನೆನೀದಂಗೆ ದಾಟಬೋದು."